ಬೆಂಗಳೂರಿಗೆ ವಾಯಾ ಶಂಷಾಬಾದ್

ಬೆಂಗಳೂರಿನ ಸೀರೆ ಅಂಗಡಿಯ ಕಪಾಟಿನಲ್ಲಿ ನಾರಾಯಣಪೇಟೆಗೂ ಗದ್ವಾಲಿಗೂ ಒಂದು ಗೇಣು ದೂರ. ನಕಾಶೆಯ ಮೇಲೆ ಸ್ಕೇಲಿಟ್ಟರೆ ಸುಮಾರು 65 ಕಿ.ಮೀ. ಎರಡೂ ಸುಳ್ಳೆಂದು ಬಸ್ ಹತ್ತಿದವರಿಗೆ ಗೊತ್ತು, ಏಕೆಂದರೆ ನಡುವೆ ಕೃಷ್ಣೆ ಇದ್ದಾಳೆ. ನಾರಾಯಣಪೇಟೆ, ಮಕ್ತಲ್ ಊರುಗಳು ಹೊಳೆಯ ಈ ದಂಡೆಗೆ. ಗದ್ವಾಲ್ ಆ ದಂಡೆಗೆ, ತುಂಗಭದ್ರೆಗೂ ಕೃಷ್ಣೆಗೂ ನಡುವಿನ ನಡಿಗಡ್ಡೆಯಲ್ಲಿ. ಜುರಾಲಾ ಅಣೆಕಟ್ಟಿನ ಕಡೆಯಿಂದ ಸುತ್ತಬೇಕು. ಇಲ್ಲವೇ ದೇವಸೂಗೂರಿನ ಸೇತುವೆ ದಾಟಿ, ರಾಯಚೂರು ಮುಟ್ಟಿ, ತೆಲಂಗಾಣದ ಒಂದೂರಿಂದ ತೆಲಂಗಾಣದ ಇನ್ನೊಂದೂರಿಗೆ ಕರ್ನಾಟಕದೊಳಗೆ ಹೊಕ್ಕು ಬರಬೇಕು. ಹಿಂದೆ ‘ನಾರಾಯಣಪೇಟ್ ರೋಡ್’ ಎಂಬ ರೈಲು ನಿಲ್ದಾಣವೂ ಇತ್ತು. ಅದಿದ್ದದ್ದು ಯಾದಗಿರಿ ಸೀಮೆಯ ಸೈದಾಪುರದಲ್ಲಿ! ಇಂಥ ಕಡೆ ‘ಎಷ್ಟು ದೂರ’ ಎಂದು ಕೇಳಿ ಉಪಯೋಗವಿಲ್ಲ, ‘ಎಷ್ಟೊತ್ತು ಹಿಡೀತದ’ ಎಂದು ಕೇಳಬೇಕೆಂಬುದು ನನ್ನ ವಾದ. ಈ ಮನೆಯ ಹೊಸ್ತಿಲಿಂದ ಆ ಮನೆಯ ಹೊಸ್ತಿಲವರೆಗೆ ತಗಲುವ ಹೊತ್ತೇ ದೂರ. ಉಳಿದದ್ದು ಸರ್ವೆ ಇಲಾಖೆಯವರ ಚಿಂತೆ.

ಈ ಲೆಕ್ಕಕ್ಕೆ ವಿಮಾನವನ್ನು ಒಡ್ಡಿ ನೋಡಿ. ಗದ್ವಾಲಿನಿಂದ ಬೆಂಗಳೂರಿಗೆ ನೆಟ್ಟಗೆ ದಕ್ಷಿಣಕ್ಕೆ ಗೆರೆ ಎಳೆದರೆ 360 ಕಿ.ಮೀ. ಆಸುಪಾಸು. ಹಾರಿಯೇ ಹೋಗುತ್ತೇನೆಂದು ಹಟ ಹಿಡಿದವನು ಮೊದಲು ಬೆಂಗಳೂರಿಗೆ ಬೆನ್ನು ತಿರುಗಿಸಿ, ನೂರೈವತ್ತು ಕಿ.ಮೀ.ಗೂ ಹೆಚ್ಚು ಉತ್ತರಕ್ಕಿರುವ ಹೈದರಾಬಾದಿನ ವಿಮಾನ ನಿಲ್ದಾಣ ಶಂಷಾಬಾದಿಗೆ ಹೋಗಬೇಕು. ಅದಕ್ಕೆ ಮೂರು ತಾಸು. ಅಲ್ಲಿ ಎರಡು ತಾಸು ಮುಂಚೆ ಹಾಜರಾಗಿ, ಬೆಲ್ಟು ಬಿಚ್ಚಿ, ಕೈ ಮೇಲೆತ್ತಿ ನಿಲ್ಲಬೇಕು. ಹಾರಾಟ ಒಂದು ತಾಸು ಚಿಲ್ಲರೆ. ಅದರಲ್ಲೂ ಮೊದಲ ಕಾಲು ತಾಸು, ಬೆಳಿಗ್ಗೆ ಬಿಟ್ಟುಬಂದ ಗದ್ವಾಲಿನ ಮಟ್ಟಕ್ಕೆ ವಾಪಸು ಬರಲಿಕ್ಕೇ ಖರ್ಚು, ಅದೂ ದುಡ್ಡು ಕೊಟ್ಟು. ಕೊನೆಗೆ ಬ್ಯಾಗಿಗೆ ಕಾದು, ದೇವನಹಳ್ಳಿಯಿಂದ ಮೆಜೆಸ್ಟಿಕ್ ತಲುಪಲು ಇನ್ನೆರಡು ತಾಸು. ಕೂಡಿಸಿದರೆ ಎಂಟಾಯಿತು. ಅದೇ ಪುಣ್ಯಾತ್ಮ ಎರ್ರವಲ್ಲಿ ಚೌರಸ್ತಾಕ್ಕೆ ಬಂದು 44ನೇ ಹೆದ್ದಾರಿ ಹಿಡಿದಿದ್ದರೆ, ಕರ್ನೂಲು, ಅನಂತಪುರದ ಮೇಲೆ ಅಷ್ಟೇ ಹೊತ್ತಿಗೆ ಬೆಂಗಳೂರಿನಲ್ಲಿ ಕೈಕಾಲು ತೊಳೆದುಕೊಳ್ಳುತ್ತಿದ್ದ.

ಹತ್ತಿರದಲ್ಲೇ ಬೇರೆ ನಿಲ್ದಾಣಗಳಿಲ್ಲವೇ ಎನ್ನಬಹುದು. ಇವೆ. ಕಲಬುರಗಿಯದು 2019ರಲ್ಲಿ, ಕರ್ನೂಲಿನ ಓರ್ವಕಲ್ಲಿನದು 2021ರಲ್ಲಿ ಶುರುವಾದವು. ಆದರೆ ಅಲ್ಲಿ ವಿಮಾನಗಳು ಇದ್ದರೂ ಬೆರಳೆಣಿಕೆಯವು. ಪ್ರಯಾಣಿಕನಿಗೆ ಹೊತ್ತು ಹೊಂದಿಸಿಕೊಂಡು ಅವು ಬರುವುದಿಲ್ಲ, ಅವನೇ ಪಂಚಾಂಗ ನೋಡಿದಂತೆ ದಿನ ನೋಡಿ ಹೊರಡಬೇಕು. ದಿಲ್ಲಿಗಾದರೆ ವಿಮಾನವೇ ಸೈ, ಒಪ್ಪಿದೆ; ಅಮೆರಿಕದ ಮಗನ ಮನೆಗಂತೂ ಬೇರೆ ದಾರಿಯೇ ಇಲ್ಲ. ಬೆಂಗಳೂರಿಗೆ ಹೋಗುವ ರಾತ್ರಿ ರೈಲು ನಿಧಾನವೆಂಬ ಇನ್ನೊಂದು ಆಕ್ಷೇಪಕ್ಕೆ ಮಾತ್ರ ನಾನು ಸೊಪ್ಪು ಹಾಕುವುದಿಲ್ಲ. ಮಲಗಿ ಕಳೆದ ಹೊತ್ತು ಪ್ರಯಾಣದ ಲೆಕ್ಕಕ್ಕೆ ಸೇರದು. ಮನೆಯಲ್ಲಿದ್ದರೂ ಮಲಗುತ್ತಲೇ ಇದ್ದೆವು. ನಿಧಾನವೆನ್ನುವುದಾದರೆ ಹಳಿ ಹಾಕುವವರನ್ನು ಅನ್ನಬೇಕು: ಮುನಿರಾಬಾದ್–ಮಹಬೂಬ್‌ನಗರ ಮಾರ್ಗ ಮಂಜೂರಾದದ್ದು 1997–98ರಲ್ಲಿ, ಅದರ ಜಕ್ಲೇರ್–ಕೃಷ್ಣಾ ನಿಲ್ದಾಣಗಳ ನಡುವಿನ 37 ಕಿ.ಮೀ. ಉದ್ಘಾಟನೆಯಾದದ್ದು 2023ರ ಅಕ್ಟೋಬರ್ 1ರಂದು. ಹಾಗಿದ್ದೂ ಆ ತುಣುಕು ಹೈದರಾಬಾದ್–ಗೋವಾ ದಾರಿಯನ್ನು 102 ಕಿ.ಮೀ. ಮೊಟಕು ಮಾಡಿತು, ಮಕ್ತಲಿಗೆ ರೈಲನ್ನೂ ತಂದಿತು. ಆದ್ದರಿಂದ ಬೆಂಗಳೂರಿಗೆ ಹೊರಟವರೇ, ಬುತ್ತಿ ಕಟ್ಟಿಕೊಂಡು ಸಂಜೆಯೊಳಗೆ ರಾಯಚೂರಿಗೋ ಗದ್ವಾಲಿಗೋ ಬನ್ನಿ, ಕೆಳಗಿನ ಬರ್ತ್ ಹಿಡಿದು ಮಲಗಿ. ವಿಮಾನದ ಟಿಕೆಟ್ಟನ್ನು ದಿಲ್ಲಿಗೆ ಹೋಗುವವರಿಗೆ ಬಿಡಿ.