ಟ್ಯಾಂಕರ್ ಪ್ರಮಾಣ ಮೀಮಾಂಸೆ

ಯಾವ ಶಾಸ್ತ್ರವನ್ನೇ ಹೇಳಹೊರಟರೂ ಮೊದಲು ಅನುಬಂಧ ಚತುಷ್ಟಯವನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಶಾಸ್ತ್ರದ ವಿಷಯ: ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ನೀರು ಹೊಡೆಯುವ ಟ್ಯಾಂಕರಿನವನ ಕೆಲಸವನ್ನು ಕರಾರಿನ ಮೂಲಕ ಅಳೆಯುವ ಬಗೆ. ಪ್ರಯೋಜನ: ಬೆಳಗ್ಗೆ ನಲ್ಲಿ ತಿರುಗಿಸಿದರೆ ಗಾಳಿಯ ಬದಲು ನೀರು. ಸಂಬಂಧ: ತಿಂಗಳ ಬಿಲ್ಲಿನದು. ಅಧಿಕಾರಿ: ಸರ್ವಸದಸ್ಯರ ಸಭೆಗೆ ತಡವಾಗಿ ಬಂದು, ಆ ಒಂದೇ ಕಾರಣಕ್ಕೆ ಕಾರ್ಯದರ್ಶಿಯಾಗಿ ಅವಿರೋಧ ಆಯ್ಕೆಯಾದ ಗೃಹಸ್ಥ.

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ತೂಕ ಅಳತೆಗಳಿಗೆಂದೇ ಪೌತವಾಧ್ಯಕ್ಷನೆಂಬವನಿದ್ದಾನೆ. ನಮ್ಮಲ್ಲಿ ಆ ಹುದ್ದೆಯನ್ನು ರಾತ್ರಿ ಪಾಳಿಯ ವಾಚ್‌ಮನ್ ಹೆಚ್ಚುವರಿಯಾಗಿ ನೋಡಿಕೊಳ್ಳುತ್ತಾನೆ. ಟ್ಯಾಂಕರ್ ಬಂದರೆ ನೋಟ್‌ಬುಕ್ಕಿನಲ್ಲಿ ಒಂದು ಗೀಟು, ಐದನೆಯದು ಅಡ್ಡಗೀಟು. ತಿಂಗಳ ಕೊನೆಗೆ ಗೀಟು ಎಣಿಸಿ ದುಡ್ಡು. ಇದು ಗೀಟುವಾದ, ನಮ್ಮ ಮೊದಲ ಪೂರ್ವಪಕ್ಷ. ಇದರ ಖಂಡನೆ ಸುಲಭ: ಗೀಟಿಗೆ ದುಡ್ಡೆಂದಮೇಲೆ ಗೀಟು ಹೆಚ್ಚುತ್ತದೆ, ಜೊತೆಗೆ ನೀರೂ ಹೆಚ್ಚಬೇಕೆಂದು ಕರಾರಿನಲ್ಲಿ ಎಲ್ಲಿದೆ?

ಎರಡನೆಯವರು ಕಾಲವಾದಿಗಳು. ಆರು ಗಂಟೆ ದಾಟಿದರೆ ದಂಡ ಎಂದು ಇವರು ಕಲಮು ಸೇರಿಸಿದರು. ಅಂದಿನಿಂದ ಟ್ಯಾಂಕರ್ ಕರಾರುವಾಕ್ಕಾಗಿ ಆರಕ್ಕೆ ಬಂತು, ಮುಕ್ಕಾಲು ತುಂಬಿಕೊಂಡು. ಸೊರಗಿದ ಬೋರ್‌ವೆಲ್ಲಿನಲ್ಲಿ ಕೊನೆಯ ಕಾಲುಭಾಗ ತುಂಬಲು ಕಾದು ನಿಂತರೆ ದಂಡ ಬೀಳುತ್ತದಲ್ಲ! ಅಳತೆಯನ್ನು ಹಿಡಿತಕ್ಕೆ ಬಳಸಹೊರಟ ಕೂಡಲೇ ಅದು ಕೈಕೊಡುತ್ತದೆಂಬ ಸೂತ್ರವನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯನ್ನು ನೋಡಿ ಕಂಡುಕೊಂಡರು. ನಮ್ಮ ಗೇಟಿನ ಬಳಿ ನಿಂತಿದ್ದರೆ ಅಷ್ಟು ಓದಬೇಕಾಗಿರಲಿಲ್ಲ.

ಇನ್ನು ಪ್ರಮಾಣ ವಿಚಾರ. ಟ್ಯಾಂಕರ್ ತುಂಬಿತ್ತೆಂಬ ಜ್ಞಾನ ಹುಟ್ಟುವುದು ಹೇಗೆ? ನೈಯಾಯಿಕರ ಲೆಕ್ಕದಲ್ಲಿ ಪ್ರಮಾಣಗಳು ನಾಲ್ಕು.

ಪ್ರತ್ಯಕ್ಷ: ವಾಚ್‌ಮನ್ ಏಣಿ ಹತ್ತಿ, ಮುಚ್ಚಳ ಎತ್ತಿ, ಮೊಬೈಲಿನ ಟಾರ್ಚ್ ಬಿಟ್ಟು, "ನೀರೈತೆ ಸಾರ್" ಎನ್ನುತ್ತಾನೆ. ಇದರಿಂದ ನೀರಿನ ಇರವು ಸಿದ್ಧಿಸಿತೇ ಹೊರತು ಪರಿಮಾಣವಲ್ಲ. ಪಕ್ಕದ ಅಪಾರ್ಟ್‌ಮೆಂಟಿನವರಿಗೂ ಹೀಗೇ ಎಂಬ ಉಪಮಾನದಿಂದ ಸಮಾಧಾನ ಸಿಗುತ್ತದೆ, ನೀರು ಸಿಗುವುದಿಲ್ಲ. ಶಬ್ದ: "ಫುಲ್ ಲೋಡೇ ಸಾರ್, ಹಂಪಲ್ಲಿ ಒಂಚೂರು ಚೆಲ್ಲಿರ್ಬೋದು" ಎಂಬ ಡ್ರೈವರಣ್ಣನ ಆಪ್ತವಾಕ್ಯ. ಇದಕ್ಕೂ ಮಿಗಿಲಾದ ಶಬ್ದಪ್ರಮಾಣವೆಂದರೆ ಟ್ಯಾಂಕಿನ ಪಕ್ಕೆಯಲ್ಲಿ ಹಳದಿ ಬಣ್ಣದಲ್ಲಿ ಬರೆದ '12,000 ಲೀ.' ಎಂಬ ಅಕ್ಷರಗಳು. ಬರೆದವರಾರೆಂದು ತಿಳಿಯದ ಕಾರಣ ಅವು ಅಪೌರುಷೇಯವೆಂದೂ, ಆದ್ದರಿಂದಲೇ ಪ್ರಶ್ನಾತೀತವೆಂದೂ ಟ್ಯಾಂಕರ್ ಮಾಲೀಕರ ಸಂಪ್ರದಾಯ. ಪೆಟ್ರೋಲ್ ಲಾರಿ ಬಂಕಿಗೆ ಬಂದರೆ ಅಳತೆಗೋಲು ಇಳಿಸಿ ನೋಡದೆ ಯಾರೂ ಸಹಿ ಹಾಕುವುದಿಲ್ಲ. ನೀರಿನ ವಿಷಯದಲ್ಲಿ ಮಾತ್ರ ನಾವು ಆಸ್ತಿಕರು.

ಉಳಿದದ್ದು ಅನುಮಾನ, ಅದೇ ಸಿದ್ಧಾಂತ. ಟ್ಯಾಂಕರನ್ನು ಬಿಟ್ಟು ಸಂಪನ್ನು ಅಳೆಯಿರಿ. ಸಂಪು 5 ಮೀಟರ್ ಉದ್ದ, 4 ಮೀಟರ್ ಅಗಲವಿದ್ದರೆ ತಳ 20 ಚದರ ಮೀಟರ್. ನೀರು ಒಂದು ಸೆಂಟಿಮೀಟರ್ ಏರಿದರೆ 200 ಲೀಟರ್, 12,000 ಲೀಟರಿಗೆ 60 ಸೆಂಟಿಮೀಟರ್. ಗುರುತು ಹಾಕಿದ ಕೋಲನ್ನು ಪೈಪು ಬಿಡುವ ಮೊದಲೊಮ್ಮೆ, ಬಿಟ್ಟ ಮೇಲೊಮ್ಮೆ ಇಳಿಸಬೇಕು. ಒದ್ದೆಯ ಗೆರೆ 48ರಷ್ಟೇ ಏರಿದ್ದರೆ ಬಂದದ್ದು 9,600 ಲೀಟರ್, ಮಿಕ್ಕ 2,400 ಮಾಯೆ. ಅಳೆಯುವಾಗ ಓವರ್‌ಹೆಡ್ ಟ್ಯಾಂಕಿಗೆ ಮೋಟಾರ್ ಓಡುತ್ತಿದ್ದರೆ ಅದು ಹೇತ್ವಾಭಾಸ. ಮೋಟಾರ್ ಆಫ್ ಮಾಡಿ.

ಭಾಟ್ಟ ಮೀಮಾಂಸಕರು ಒಪ್ಪುವ ಅನುಪಲಬ್ಧಿ ಎಂಬ ಇನ್ನೊಂದು ಪ್ರಮಾಣವಿದೆ: ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ಇದು ಮಾರ್ಚ್‌ನಿಂದ ಮೇವರೆಗೆ ಬಳಕೆಯಲ್ಲಿರುತ್ತದೆ.

ಗುಣದ ವಿಚಾರ ಚಿಕ್ಕದು. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಒಳಗಿರಲಿ, ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ ಐಎಸ್ 10500. ಈ ಎರಡು ಅಂಕಿಗಳ ನಡುವಿನ ಜಾಗದಲ್ಲಿ ನಮ್ಮ ಬಡಾವಣೆ ಸ್ನಾನ ಮಾಡುತ್ತದೆ. ಟಿಡಿಎಸ್ ಮೀಟರಿಗೆ ಉಪ್ಪು ಗೊತ್ತು, ರೋಗಾಣು ಗೊತ್ತಿಲ್ಲ. ಆದ್ದರಿಂದ ಆಗಾಗ ಲ್ಯಾಬಿಗೆ ಒಂದು ಬಾಟಲಿ ಕಳಿಸಬೇಕು, ಅದೂ ಟ್ಯಾಂಕರಿನವನು ತುಂಬಿಕೊಟ್ಟ ಬಾಟಲಿಯಲ್ಲ.

ದಂಡಪ್ರಕರಣದಲ್ಲಿ ಖಜಾಂಚಿಯವರು 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಹಿಡಿದು ಬಂದರು. ಕರಾರಿನಲ್ಲಿ ಎಷ್ಟೇ ದಂಡ ಬರೆದುಕೊಂಡರೂ ಆ ಮಿತಿಯೊಳಗೆ ನ್ಯಾಯವಾದ ಪರಿಹಾರವಷ್ಟೇ ಸಿಗುತ್ತದೆ ಎಂಬುದು ಅದರ ತಾತ್ಪರ್ಯ. ಆದರೆ ಕೋರ್ಟಿಗೆ ಹೋಗುವ ಮುಂಚೆ ಸ್ನಾನವಾಗಬೇಕು. 2024ರ ಬರಗಾಲದಲ್ಲಿ ಜಿಲ್ಲಾಡಳಿತವೇ ದರ ಕಟ್ಟಿತು: 12,000 ಲೀಟರಿಗೆ 5 ಕಿಲೋಮೀಟರ್ ಒಳಗಾದರೆ 1,000 ರೂಪಾಯಿ, 5ರಿಂದ 10 ಕಿಲೋಮೀಟರಿಗೆ 1,200. ಆದೇಶ ಹೊರಬಿದ್ದ ವಾರದಲ್ಲೇ ನಮ್ಮ ಸರಬರಾಜುದಾರನ ಬೋರ್‌ವೆಲ್ 5 ಕಿಲೋಮೀಟರಿನ ಗೆರೆಯಾಚೆ ಸರಿಯಿತು. ಭೂಗರ್ಭಶಾಸ್ತ್ರಜ್ಞರು ಗಮನಿಸಬೇಕು.

ಆ ಬೇಸಿಗೆಯಲ್ಲೇ ಈ ಶಾಸ್ತ್ರದ ಮರ್ಮ ತಿಳಿದದ್ದು. ಕಾರ್ಯದರ್ಶಿಯ ವಾಟ್ಸಾಪಿಗೆ ಟ್ಯಾಂಕರ್ ಮಾಲೀಕರಿಂದ ಸಂದೇಶ ಬಂತು: "ನಿಮ್ದು ಪೇಮೆಂಟ್ ಲೇಟು, ಗೇಟ್ ತೆಗೆಯೋದು ಲೇಟು, ಕೋಲು ಮಾತ್ರ ಕರೆಕ್ಟ್ ಟೈಮಿಗೆ. ಲಿಸ್ಟಲ್ಲಿ ಕೊನೇಗೆ ಹಾಕಿದೀನಿ ಸಾರ್." ಬೇಡ ಎನ್ನುವ ಶಕ್ತಿ ಯಾರಿಗಿದೆಯೋ ಅಳತೆ ಅವರ ಕೈಯಲ್ಲಿರುತ್ತದೆ. ಹೀಗಾಗಿ ಪರಿಷ್ಕೃತ ಸಿದ್ಧಾಂತವಿಷ್ಟು: ಕರಾರಿಗೆ ಸಹಿ ಬೀಳಬೇಕಾದದ್ದು ಟ್ಯಾಂಕರ್‌ಗಳು ಕೆಲಸವಿಲ್ಲದೆ ನಿಂತಿರುವ ಶ್ರಾವಣದಲ್ಲಿ, ಏಪ್ರಿಲ್‌ನಲ್ಲಲ್ಲ. ಸರಬರಾಜುದಾರರು ಇಬ್ಬರಿರಲಿ, ಅಳತೆ ಚೆನ್ನಾಗಿ ಬಂದವನಿಗೆ ಮುಂದಿನ ತಿಂಗಳು ಹೆಚ್ಚು ಲೋಡು. ದುಡ್ಡು ಗೀಟಿಗಲ್ಲ, ಸೆಂಟಿಮೀಟರಿಗೆ. ಕೋಲು ಇಳಿಸುವಾಗ ಡ್ರೈವರಣ್ಣನೂ ಜೊತೆಗಿದ್ದು ಚೀಟಿಗೆ ಸಹಿ ಹಾಕಬೇಕು. ನಾವೂ ಹೇಳಿದ ದಿನ ದುಡ್ಡು ಕೊಡಬೇಕು.

ಕಳೆದ ಸಭೆಯಲ್ಲಿ ಇದೆಲ್ಲಕ್ಕೂ ಒಪ್ಪಿಗೆ ಸಿಕ್ಕಿತು. ಆದರೆ ಹೊಸ ಕೋಲು ಕೊಳ್ಳಲು ಮೂರು ಕೊಟೇಶನ್ ಬೇಕೆಂದು ಖಜಾಂಚಿಯವರು ಆಕ್ಷೇಪಿಸಿದ್ದರಿಂದ, ಕೋಲು ಸರಬರಾಜು ಮಾಡುವವನ ಕಾರ್ಯಕ್ಷಮತೆಯನ್ನು ಅಳೆಯುವ ಮಾನದಂಡ ರೂಪಿಸಲು ಉಪಸಮಿತಿಯೊಂದು ನೇಮಕವಾಗಿದೆ. ತಾರ್ಕಿಕರು ಇದನ್ನು ಅನವಸ್ಥಾ ದೋಷ ಎನ್ನುತ್ತಾರೆ. ನಡವಳಿ ಪುಸ್ತಕದಲ್ಲಿ ಅದನ್ನು ಸರ್ವಾನುಮತದಿಂದ ಅಂಗೀಕರಿಸಲಾಗಿದೆ.