ಬಿಂದುಮೀಮಾಂಸೆ: ದಕ್ಷಿಣ ಬೆಂಗಳೂರಿನ ರೆಸಿನ್ ವರ್ಣಸಂಕಥನದ ತಾತ್ವಿಕ ಅನುಸಂಧಾನ

ಪ್ರಸ್ತುತ ಅಧ್ಯಯನದ ಚೆಕ್ಕುಬಂದಿ: ಉತ್ತರಕ್ಕೆ ಜಯನಗರದ ಅಶೋಕ ಪಿಲ್ಲರ್, ಪಶ್ಚಿಮಕ್ಕೆ ಬನಶಂಕರಿ, ಪೂರ್ವಕ್ಕೆ ಬಿ.ಟಿ.ಎಂ. ಲೇಔಟಿನ ಪಿ.ಜಿ.ಗಳು. ದಕ್ಷಿಣದ ಗಡಿ ಜೆ.ಪಿ. ನಗರದ ಎಷ್ಟನೇ ಫೇಸ್ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇಲ್ಲಿ ಭಾನುವಾರಗಳಂದು ನಡೆಯುವ ರೆಸಿನ್ ಕಲಾಶಿಬಿರಗಳಲ್ಲಿ ಬಣ್ಣದ ಪ್ರಮಾಣನಿರ್ಣಯವು ಮೂರು ದರ್ಶನಗಳಾಗಿ ಕವಲೊಡೆದಿದೆ.

ಪ್ರಥಮತಃ ಬಿಂದುವಾದ. ‘ಎರಡು ಡ್ರಾಪ್ ಹಾಕಿ ಮೇಡಂ’ ಎಂಬುದು ಇದರ ಮಹಾವಾಕ್ಯ. ಬಿಂದುವಿನ ಗಾತ್ರವೆಷ್ಟು ಎಂದರೆ ಅದು ಅನಿರ್ವಚನೀಯ. ನೀರಾದರೆ ಸುಮಾರು 20 ಹನಿಗೆ ಒಂದು ಮಿಲಿಲೀಟರ್. ಪಿಗ್ಮೆಂಟ್ ಪೇಸ್ಟು ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಬಾಟಲಿಯ ಮೂತಿ ಅಗಲವಾದಷ್ಟೂ ಹನಿ ದಪ್ಪ. ಟೈಟೇನಿಯಂ ಡೈಆಕ್ಸೈಡ್ ತುಂಬಿದ ಬಿಳಿಯ ಹನಿಯ ತೂಕವೇ ಬೇರೆ.

ದ್ವಿತೀಯತಃ ಚಿಟಿಕಾವಾದ. ಇದು ಮೈಕಾ ಪುಡಿಗೆ ಸಂಬಂಧಿಸಿದ್ದು, ಐಸ್‌ಕ್ರೀಂ ಕಡ್ಡಿಯ ತುದಿಯೇ ಇಲ್ಲಿ ಮಾನದಂಡ. ತೃತೀಯತಃ ಅಂತಃಪ್ರೇರಣಾವಾದ: ‘ಕಲರ್ ಜೊತೆ ಮಾತಾಡಿ.’ ಇದರಲ್ಲಿ ನಾಲ್ಕು ಉಪಶಾಖೆಗಳಿದ್ದು, ಅವುಗಳಲ್ಲಿ ಮೊದಲನೆಯದು... ಬಿಡಿ. ನಾಲ್ಕರ ಸಾರವೂ ಒಂದೇ: ಹೇಳಿಕೊಡುವವರ ಮೇಜಿನ ಮೇಲೆ ತಕ್ಕಡಿಯಿಲ್ಲ.

ಇದ್ದಿದ್ದರೆ ಹೇಳಬೇಕಾದ್ದು ಎಷ್ಟಿತ್ತು? ರೆಸಿನ್, ಹಾರ್ಡನರ್ ಎರಡೂ ಸೇರಿ 100 ಗ್ರಾಂ ಆದರೆ 2 ಗ್ರಾಂ ಬಣ್ಣದಿಂದ ಶುರುಮಾಡಿ; ಸಾಮಾನ್ಯವಾಗಿ 5 ಗ್ರಾಂ ದಾಟಬೇಡಿ; ದಾಟಿದರೆ ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯಬಹುದು. ಅಡುಗೆಮನೆಯ ತಕ್ಕಡಿ ಸಾಲದು. ಅದು 2 ಎಂದು ತೋರಿಸುವಾಗ ಒಂದೂವರೆಯೂ ಇರಬಹುದು, ಎರಡೂವರೆಯೂ ಇರಬಹುದು. 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ತನ್ನಿ. ತೀರಾ ತಿಳಿ ಬಣ್ಣ ಬೇಕೇ? 1 ಗ್ರಾಂ ಬಣ್ಣವನ್ನು ಹಾರ್ಡನರ್ ಸೇರಿಸದ 9 ಗ್ರಾಂ ರೆಸಿನ್‌ನಲ್ಲಿ ಕಲಸಿಟ್ಟುಕೊಂಡು ಅದರಿಂದ ತೂಗಿ ಹಾಕಿ. ಆ ರೆಸಿನ್ನೂ ಹಾರ್ಡನರ್ ಲೆಕ್ಕಕ್ಕೆ ಸೇರಬೇಕು. ಇಷ್ಟು ಹೇಳಲು ಐದು ನಿಮಿಷ ಸಾಕು.

ಕಣ್ಣಳತೆ ಸುಳ್ಳೆಂದು ನಾನು ಹೇಳುತ್ತಿಲ್ಲ. ಮೈಸೂರು ರಸ್ತೆಯಲ್ಲಿ ಸುಮಾರು 60 ಕಿಲೋಮೀಟರು ಹೋದರೆ ಚನ್ನಪಟ್ಟಣ. ಅಲ್ಲಿ ಅರಗನ್ನು ಬಿಸಿಮಾಡಿ, ಬಣ್ಣ ನಾದಿ, ಎಳೆದು ಕಡ್ಡಿ ಮಾಡಿ, ತಿರುಗುತ್ತಿರುವ ಆಲೆಮರದ ತುಂಡಿಗೆ ಒತ್ತುತ್ತಾರೆ; ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆ ಕಣ್ಣು ವರ್ಷಗಟ್ಟಲೆ ದುಡಿದು ಬಂದದ್ದು. ಭಾನುವಾರದ ಮಧ್ಯಾಹ್ನದೊಳಗೆ ಅದನ್ನು ಕೊಡಿಸುತ್ತೇವೆಂದು ಅವರಾರೂ ಬೋರ್ಡು ಹಾಕಿಲ್ಲ.

ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಮಗಳ ಮದುವೆ ಹಾರದ ಗುಲಾಬಿಗಳನ್ನು ಒಣಗಿಸಿ, ಹಳೇ ಸ್ವೀಟ್ ಡಬ್ಬಿಯಲ್ಲಿ ಹತ್ತಿ ಹಾಸಿ ತಂದಿದ್ದರು. ಹೇಳಿಕೊಡುವವರು ‘ಇನ್ನೆರಡು ಡ್ರಾಪ್, ಇನ್ನೆರಡು’ ಎನ್ನುತ್ತ ನೀಲಿ ಸುರಿಸಿದರು. ಮಾರನೆಯ ದಿನವೂ ರೆಸಿನ್ ತಟ್ಟೆ ಬೆರಳಿಗೆ ಅಂಟುತ್ತಿತ್ತು, ಹೂವು ಒಳಗೆ ಸಿಕ್ಕಿಕೊಂಡಿತ್ತು. ಕೇಳಿದ್ದಕ್ಕೆ ಬಂದ ಉತ್ತರ: ‘ನಿಮ್ಮ ಎನರ್ಜಿ ಸೆಟ್ ಆಗಲಿಲ್ಲ ಆಂಟಿ, ಅಡ್ವಾನ್ಸ್ಡ್ ಬ್ಯಾಚಿಗೆ ಬನ್ನಿ.’

ಆ ಬ್ಯಾಚಿನ ಫೀಸನ್ನು ಅಂತಃಪ್ರೇರಣೆಯಿಂದ ಎಣಿಸಿ ಕೊಟ್ಟರೆ ತಗೊಳ್ತೀರಾ ಸ್ವಾಮಿ?