ಎರಡಿಂಚು ಮೇಲಿರುವ ಬಾಮೈದ

ನನ್ನ ಬಾಮೈದನ ಥಾರ್ ಗಾಡಿಯ ಹಿಂಭಾಗದಲ್ಲಿ ಮೂರು ಸಾಮಾನು ಸದಾ ಇರುತ್ತವೆ. ಕೆಸರಲ್ಲಿ ಹೂತ ಗಾಡಿ ಎಳೆಯುವ ಕೆಂಪು ಪಟ್ಟಿ, ಮಡಚುವ ಸಲಿಕೆ, ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲು. ಮೊದಲೆರಡರ ಪ್ಲಾಸ್ಟಿಕ್ ಕವರನ್ನು ಅವನಿನ್ನೂ ಹರಿದಿಲ್ಲ. ಸ್ಟೂಲಿಗೆ ಮಾತ್ರ ಬಿಡುವಿಲ್ಲ. ನಮ್ಮತ್ತೆ ಅದರ ಮೇಲೆ ಕಾಲಿಟ್ಟು, ನನ್ನ ಹೆಗಲು ಹಿಡಿದು, ಮಂಜುನಾಥನನ್ನು ಕೂಗಿಯೇ ಆ ಗಾಡಿ ಹತ್ತಬೇಕು. "ಬೇಲೂರು ದೇವಸ್ಥಾನದ ಜಗಲಿ ಹತ್ತಿದ್ರೆ ಪುಣ್ಯನಾದ್ರೂ ಬತ್ತದೆ, ಇದನ್ನ ಹತ್ತಿದ್ರೆ ಮಂಡಿ ನೋವು ಬತ್ತದೆ" ಅನ್ನುವುದು ಅವರ ನಿತ್ಯದ ಮಾತು.

ಇಂಥವನೊಬ್ಬ ಈಗ ನಮ್ಮ ಜಿಲ್ಲೆಯಲ್ಲಿ ಬೀದಿಗೊಬ್ಬನಂತೆ ಸಿಗುತ್ತಾನೆ. ಸಕಲೇಶಪುರದ ತೋಟದವರನ್ನು ಹೇಳುತ್ತಿಲ್ಲ. ಅವರ ಜೀಪಿಗೆ ಕೆಸರು ತಾನಾಗಿ ಮೆತ್ತಿರುತ್ತದೆ, ಆ ಬಗ್ಗೆ ಅವರು ಮಾತಾಡುವುದೂ ಇಲ್ಲ. ನಾನು ಹೇಳುತ್ತಿರುವವನ ಗಾಡಿಗೆ ಅಪ್ಪಿತಪ್ಪಿ ಕೆಸರು ಸಿಡಿದರೆ ಒಂದು ವಾರ ತೊಳೆಯುವುದಿಲ್ಲ. ನನ್ನ ಬಾಮೈದ ಹಾಸನದಲ್ಲಿ ಬಿತ್ತನೆ ಆಲೂಗಡ್ಡೆ ವ್ಯಾಪಾರ ಮಾಡುತ್ತಾನೆ. ಜಲಂಧರ್‌ನಿಂದ ಲಾರಿ ಬಂದಾಗ ಮೂಟೆ ಸಾಗಿಸುವುದಕ್ಕೆ ಒಂದು ಹಳೇ ಪಿಕಪ್ ಇದೆ. ಥಾರ್‌ಗೆ ಮೂಟೆ ಮುಟ್ಟಿಸುವಂತಿಲ್ಲ. ಬಿಸಿಲೆ ಘಾಟಿಗೆ ಅದು ಹೋಗಿಬಂದದ್ದು ಒಂದೇ ಸಲ. ಆ ಕತೆಗೆ ಮಾತ್ರ ವರ್ಷಕ್ಕೊಂದು ಹೊಸ ಆನೆ ಸೇರಿಕೊಳ್ಳುತ್ತಿದೆ. ಉಳಿದ ದಿನವೆಲ್ಲ ಅದರ ಸಾಹಸ ಬಿ.ಎಂ. ರೋಡಿನಿಂದ ಸಾಲಗಾಮೆ ರೋಡಿಗೆ, ಸಾಲಗಾಮೆ ರೋಡಿನಿಂದ ಕಟ್ಟಿನಕೆರೆ ಮಾರ್ಕೆಟ್ಟಿಗೆ.

ಇವನಿಗೆ ಅಂಕಿಗಳ ಮೇಲೆ ವಿಪರೀತ ಪ್ರೀತಿ. ಮಗ ಐದನೇ ಕ್ಲಾಸೋ ಆರನೆಯದೋ ಅಂತ ಕೇಳಿದರೆ ಹೆಂಡತಿ ಮುಖ ನೋಡುತ್ತಾನೆ. ಗಾಡಿಯ ಗ್ರೌಂಡ್ ಕ್ಲಿಯರೆನ್ಸು ಕೇಳಿ: 226 ಮಿಲಿಮೀಟರ್. ಎಷ್ಟು ನೀರಲ್ಲಿ ಇಳಿಯುತ್ತೆ? 650 ಮಿಲಿಮೀಟರ್. ಹೇಮಾವತಿ ಕಾಲುವೆ ಏರಿ ಮೇಲೆ ಹೋಗುವಾಗೆಲ್ಲ ಅವನ ಕಣ್ಣು ನೀರಿನ ಮೇಲೇ. "ಇಳಿಸ್ಬೋದು ಭಾವ." "ಯಾಕಪ್ಪ ಇಳಿಸ್ಬೇಕು, ಪಕ್ಕದಲ್ಲೇ ಸೇತುವೆ ಐತಲ್ಲ?" ಈ ಪ್ರಶ್ನೆ ಕೇಳಿದವರನ್ನು ಅವನು ಕನಿಕರದಿಂದ ನೋಡುತ್ತಾನೆ.

2020ರ ಅಕ್ಟೋಬರ್ 2ಕ್ಕೆ ಹೊಸ ಥಾರ್ ಬಿಡುಗಡೆಯಾಯಿತಲ್ಲ, ಅಲ್ಲಿಂದ ಶುರು ಈ ಕಾಯಿಲೆ. ಹಳೇ ಥಾರ್‌ಗೆ ಹಿಂದುಗಡೆ ಜೀಪುಗಳ ಹಾಗೆ ಸ್ಪ್ರಿಂಗಿನ ಪ್ಲೇಟುಗಳಿದ್ದವು. ಆ ಪ್ಲೇಟು ಅನ್ನುವುದು ಕೂಡುಕುಟುಂಬದ ಅಜ್ಜಿಯಿದ್ದ ಹಾಗೆ. ಭಾರವನ್ನೂ ಅದೇ ಹೊರುತ್ತಿತ್ತು, ಹಿಂದಿನ ಎರಡು ಚಕ್ರದ ನಡುವಿನ ಅಚ್ಚಿನ ಕೊಳವೆ, ಅಂದರೆ ಹೌಸಿಂಗು, ಅತ್ತಿತ್ತ ಹೋಗದಂತೆ ಕಿವಿ ಹಿಡಿದು ಕೂರಿಸುತ್ತಲೂ ಇತ್ತು. ಹೊಸದಕ್ಕೆ ಕಾಯಿಲ್ ಸ್ಪ್ರಿಂಗು ಬಂತು. ಕಾಯಿಲ್ಲು ಭಾರ ಹೊರುತ್ತದೆ ಅಷ್ಟೆ, ಹೌಸಿಂಗು ಎಲ್ಲಿಗೆ ಹೋಗುತ್ತದೆ ಅನ್ನುವುದು ಅದರ ತಲೆನೋವಲ್ಲ. ಅದಕ್ಕಾಗಿ ಬೇರೆ ಕೈಗಳು ಬೇಕು. ಹೌಸಿಂಗನ್ನು ಚಾಸಿಗೆ ಬಿಗಿದಿಡುವ ಉದ್ದುದ್ದ ರಾಡುಗಳು, ಮೇಲೆರಡು, ಕೆಳಗೆರಡು. ಪಕ್ಕಕ್ಕೆ ಸರಿಯದ ಹಾಗೆ ಅಡ್ಡಕ್ಕೊಂದು. ಇವುಗಳ ಹೆಸರೇ ಲಿಂಕು. ನಮ್ಮಜ್ಜನ ಎತ್ತಿನಗಾಡಿಗೆ ಅಚ್ಚು, ಕಡಾಣಿ ಎರಡಿದ್ದರೆ ಸಂಸಾರ ಸಾಗುತ್ತಿತ್ತು.

ಇದೆಲ್ಲ ನನಗೆ ಹೇಗೆ ಗೊತ್ತು ಅಂತೀರಾ? ಬಾಮೈದ ಗಾಡಿಯನ್ನು ಎರಡಿಂಚು ಎತ್ತಿಸಿದ. ಉದ್ದದ ಸ್ಪ್ರಿಂಗು ಹಾಕಿಸಿ ತಂದ ದಿನ ಬೀದಿಯವರಿಗೆಲ್ಲ ಮೈಸೂರು ಪಾಕು. ಮಾರನೇ ದಿನ ಬೆಳಗ್ಗೆ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ನನ್ನ ಹೆಂಡತಿಯ ಹೊಲಿಗೆ ಟೇಪಿನಿಂದ ಏನೋ ಅಳೆಯುತ್ತಿದ್ದ. ಮುಖ ಸಪ್ಪಗಿತ್ತು.

"ಭಾವ, ಹೌಸಿಂಗು ಒಂದ್ ಕಡೆಗೆ ಸರಿದಿದೆ. ಹತ್ತು ಮಿಲಿಮೀಟರ್."

ಹತ್ತು ಮಿಲಿಮೀಟರ್ ಅಂದರೆ ನನ್ನ ಕಿರುಬೆರಳಿನ ಅಗಲಕ್ಕಿಂತ ಕಡಿಮೆ. ಆದರೆ ಅವನು ಹೇಳಿದ್ದು ಸುಳ್ಳೇನಲ್ಲ. ಅಡ್ಡದ ರಾಡಿನ ಒಂದು ತುದಿ ಚಾಸಿಗೆ, ಇನ್ನೊಂದು ಹೌಸಿಂಗಿಗೆ. ಬಾಡಿ ಮೇಲೆದ್ದರೆ ರಾಡು ಓರೆಯಾಗುತ್ತೆ. ಅದರ ಉದ್ದ ಅಷ್ಟೇ ಇರುವುದರಿಂದ ಹೌಸಿಂಗನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತೆ. ಉಳಿದ ನಾಲ್ಕೂ ಇಳಿಜಾರಾಗಿ ಹೌಸಿಂಗಿನ ಮೂತಿ ತಿರುಗುತ್ತೆ, ಜಾಯಿಂಟು ನಡುಗುತ್ತೆ. ಹಾಗಾಗಿ ಉದ್ದ ಹೆಚ್ಚುಕಮ್ಮಿ ಮಾಡಬಹುದಾದ ಲಿಂಕು ಬೇಕು. ಗಾಡಿ ಎತ್ತಿಸಿದವನು ಲಿಂಕಿಗೆ ಬರಲೇಬೇಕು; ಹೊಸ ಮನೆ ಕಟ್ಟಿಸಿದವನು ಕಾಂಪೌಂಡಿಗೆ ಬರುವ ಹಾಗೆ.

ಮೂರು ರಾತ್ರಿ ಅವನಿಗೆ ನಿದ್ದೆಯಿಲ್ಲ. ಅವರ ಮನೆಯ ಅಡುಗೆಮನೆ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕಿದೆ, ಅದಕ್ಕೆ ಎಂಟು ವರ್ಷವಾಯಿತು. ಅದನ್ನು ಅವನು ಯಾವತ್ತೂ ಅಳೆದದ್ದು ನಾನು ಕಾಣೆ.

ಈಗ ಚನ್ನರಾಯಪಟ್ಟಣದ ಮದುವೆಗೆ ಬರೋಣ. ಎರಡನೇ ಪಂಕ್ತಿ, ಹೋಳಿಗೆ ಬಡಿಸುತ್ತಿದ್ದರು. ಬಾಮೈದ ನನ್ನ ಬಲಕ್ಕೆ. ಎಡಕ್ಕೆ ನಮ್ಮ ದೂರದ ನೆಂಟರು, ತೋಟದ ಮಾವ ಅಂತ ಕರೆಯುತ್ತೇವೆ. ಅವರ ಮಗಳು ಪ್ರೈಮರಿ ಶಾಲೆ ಟೀಚರು, ಅರಸೀಕೆರೆ ಕಡೆಯ ಹಳ್ಳಿಯಲ್ಲಿ. ಅಳಿಯ ಇರುವುದು ಹೊಳೆನರಸೀಪುರದಲ್ಲಿ.

"ಭಾವ, ಹಳೇ ಲಿಂಕ್ ಇಟ್ಕೊಂಡ್ರೆ ಏನೂ ಆಗಲ್ಲ, ಹೊಸಾ ಲಿಂಕ್ ಹಿಡಿದಿದೀನಿ" ಅಂದ ಬಾಮೈದ.

ತುಪ್ಪ ಹಾಕಿಸಿಕೊಳ್ಳುತ್ತಿದ್ದ ತೋಟದ ಮಾವನ ಕಿವಿ ನೆಟ್ಟಗಾಯಿತು. ಹಾಸನ ಜಿಲ್ಲೆಯಲ್ಲಿ ಲಿಂಕ್ ಅನ್ನುವ ಮಾತನ್ನು ಊಟದ ಪಂಕ್ತಿಯಲ್ಲಿ ಹಾಗೆ ಗಟ್ಟಿಯಾಗಿ ಆಡಬಾರದು.

"ಎಷ್ಟ್ ಲಿಂಕ್ ಅಯ್ತೆ ಮಗ?"

"ಐದು ಮಾವ. ಮೇಲೆರಡು, ಕೆಳಗೆರಡು, ಅಡ್ಡಕ್ಕೊಂದು."

"ಮೇಲೆ ಅಂದ್ರೆ... ಬೆಂಗಳೂರಾ?"

"ಬೆಂಗಳೂರಲ್ಲಿ ಸರಿಯಾದ್ದು ಸಿಗ್ಲಿಲ್ಲ ಮಾವ. ಡೆಲ್ಲಿಯಿಂದ ಬರ್ತಿದೆ."

ತೋಟದ ಮಾವ ಹೋಳಿಗೆ ಬಿಟ್ಟರು. "ದುಡ್ಡು?"

"ಪೂರ್ತಿ ಕೊಟ್ಟಾಯ್ತು."

"ಕೆಲ್ಸ ಆಯ್ತದೆ ಅಂತ ಗ್ಯಾರಂಟಿನಾ?"

"ಎರಡು ವರ್ಷ ವಾರಂಟಿ ಐತೆ ಮಾವ."

ನಾನು ಬಾಯಿ ಹಾಕುವಷ್ಟರಲ್ಲಿ ಸಾಂಬಾರಿನವನು ಅಡ್ಡ ಬಂದ. ಅವನು ಹೋಗುವ ಹೊತ್ತಿಗೆ ತೋಟದ ಮಾವ ಮಗಳ ಹೆಸರು, ಶಾಲೆ, ಸೇರಿದ ವರ್ಷ ಎಲ್ಲವನ್ನೂ ಲಗ್ನಪತ್ರಿಕೆಯ ಹಿಂದೆ ಬರೆದು ಬಾಮೈದನ ಜೇಬಿಗೆ ತುರುಕಿಯಾಗಿತ್ತು. ಇವನ ತಲೆಯಲ್ಲಿ ಲಿಂಕು ಬಿಟ್ಟು ಬೇರೇನೂ ಇರಲಿಲ್ಲ. "ನೋಡಣ ಮಾವ" ಅಂದ. ನಲವತ್ತು ವರ್ಷ ರಾಜಕೀಯ ಮಾಡಿದವರೂ ಅಷ್ಟು ಚೆನ್ನಾಗಿ ಆ ಮಾತು ಆಡಲಾರರು.

ಲಿಂಕು ಬಂತು. ಹೆಂಡತಿಗೆ ಹೇಳಿದ ಬೆಲೆ ಒಂದು, ನನಗೆ ಹೇಳಿದ್ದು ಇನ್ನೊಂದು, ಡಬ್ಬದೊಳಗಿನ ಬಿಲ್ಲಿನಲ್ಲಿದ್ದದ್ದು ಮೂರನೆಯದು. ಗ್ಯಾರೇಜಿಗೆ ಕೊಡಲು ಅವನು ಒಪ್ಪಲಿಲ್ಲ. ಸ್ವಂತ ಕೈಯಲ್ಲಿ ಹಾಕಿದರೇ ಗಾಡಿಗೂ ನಮಗೂ ಸಂಬಂಧ ಬೆಳೆಯುವುದು ಅಂದ. ಅಸಲು ಕಾರಣ ಬೇರೆ ಇದ್ದೀತು. ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿ ಮಾರ್ಪಡಿಸಬಾರದು ಅನ್ನುತ್ತೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಒತ್ತಿ ಹೇಳಿತು. ಎನ್.ಆರ್. ಸರ್ಕಲ್ಲಿನಲ್ಲಿ ಪೊಲೀಸರು ಕಂಡರೆ ಇವನು ಸೀಟಿನಲ್ಲಿ ಎರಡಿಂಚು ತಗ್ಗಿ ಕೂರುತ್ತಾನೆ. ಅವನು ತಗ್ಗಿದರೆ ಗಾಡಿಯೂ ತಗ್ಗುತ್ತದೆಯೇ?

ಜಾಗ ಅಂತ ಆರಿಸಿದ್ದು ಅರಕಲಗೂಡು ಕಡೆಯ ಅವನ ಮಾವನ ಮನೆ. ಹೊಗೆಸೊಪ್ಪು ಬ್ಯಾರನ್ನಿನ ಮುಂದೆ ಸಿಮೆಂಟಿನ ಅಂಗಳವಿದೆ. ಆಗ ಸೊಪ್ಪು ಬೇಯಿಸುವ ಕಾಲ. ಅವನ ಮಾವ ರಾತ್ರಿ ನಿದ್ದೆಗೆಟ್ಟು, ಕಣ್ಣು ಕೆಂಪಗೆ ಮಾಡಿಕೊಂಡು, ಗಳಿಗೆಗೊಮ್ಮೆ ಬ್ಯಾರನ್ನಿನ ಕಾವು ನೋಡಿ ಸೌದೆ ನೂಕುತ್ತಿದ್ದರು. ಡಿಗ್ರಿ ಎರಡು ಆಚೀಚೆಯಾದರೆ ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಸೊಪ್ಪಿನ ರೇಟು ಬೀಳುತ್ತೆ. ಡಿಗ್ರಿ ಅಂದರೆ ಏನು ಅಂತ ಆ ಅಂಗಳದಲ್ಲಿ ನಿಜವಾಗಿ ಗೊತ್ತಿದ್ದವರು ಅವರೊಬ್ಬರೇ.

ಬಾಮೈದ ಗಾಡಿಯನ್ನು ಜಾಕಿ ಮೇಲೆ ಎತ್ತಿದ. ಸ್ಟ್ಯಾಂಡು ಎರಡಿದ್ದವು, ಸಾಲದ್ದಕ್ಕೆ ಮಾವನ ಸೌದೆಯಲ್ಲಿ ಎರಡು ದಪ್ಪ ದಿಮ್ಮಿ ಕೊಟ್ಟ. ಚಕ್ರ ಬಿಚ್ಚಿದ. ಟಾರ್ಚು ಹಿಡಿಯುವ ಕೆಲಸ ನನ್ನದು. ನಮ್ಮ ಕಡೆ ಭಾವ ಅಂದರೆ ಟಾರ್ಚು ಹಿಡಿಯುವವನು ಅಂತಲೇ ಅರ್ಥ. ಅಲ್ಲಿಂದ ಮುಂದೆ ಹುಮ್ಮಸ್ಸಿನಲ್ಲಿ ಐದೂ ಲಿಂಕಿನ ಬೋಲ್ಟನ್ನು ಪಟಪಟ ಬಿಚ್ಚಿಹಾಕಿದ. ಐದನೆಯದು ಬರುತ್ತಿದ್ದ ಹಾಗೆ ಹೌಸಿಂಗು, ನಡೆಯಲು ಒಲ್ಲದ ಕೋಣದ ಹಾಗೆ, ಮೂತಿ ಕೆಳಗೆ ಹಾಕಿ ಮಂಡಿಯೂರಿತು. ಹೊಸ ಲಿಂಕಿನ ಒಂದು ತುದಿ ಕೂತರೆ ಇನ್ನೊಂದು ತುದಿಯ ತೂತು ಗೇಣು ದೂರ. ನೋಡಲು ಸೇರಿದವರಲ್ಲಿ ಒಬ್ಬ ಒದ್ದ, ಒಬ್ಬ ಎಳೆದ, ಒಬ್ಬ ಸುತ್ತಿಗೆ ತಂದ. ಬ್ಯಾರನ್ ಕಡೆಯಿಂದ ಮಾವ ಬಂದು ಶಾಂತವಾಗಿ, "ಅಳಿಯಂದ್ರೆ, ಆ ದಿಮ್ಮಿ ಯಾವಾಗ ಕೊಡ್ತೀರಿ? ಬೆಂಕಿ ಇಳೀತಾ ಐತೆ" ಅಂದರು.

ಸಂಜೆ ನಾಲ್ಕಕ್ಕೆ ಪಕ್ಕದೂರಿನ ಟ್ರಾಕ್ಟರ್ ಮೇಸ್ತ್ರಿ ಬಂದ. ಬೀಡಿ ಹಚ್ಚಿ ಒಂದು ಸುತ್ತು ಬಂದು ನೋಡಿದ.

"ಐದೂ ಒಟ್ಗೆ ಬಿಚ್ಚಕ್ಕೆ ಯಾರೇಳಿದ್ದು? ಎತ್ತಿನ ಹಗ್ಗ ಎಲ್ಲಾ ಬಿಚ್ಚಾಕಿ, ನಿಂತ್ಕೋ ಅಂದ್ರೆ ನಿಂತ್ಕತದಾ? ಒಂದ್ ಬಿಚ್ಬೇಕು, ಅದ್ರ ಜಾಗಕ್ಕೆ ಒಂದ್ ಹಾಕ್ಬೇಕು, ಆಮೇಲೆ ಇನ್ನೊಂದು."

ಹಳೇ ಲಿಂಕನ್ನೂ ಹೊಸದನ್ನೂ ನೆಲದ ಮೇಲೆ ಪಕ್ಕಪಕ್ಕ ಮಲಗಿಸಿ, ಎತ್ತಿಸಿದ್ದಕ್ಕೆ ಎಷ್ಟು ಬೇಕೋ ಅಷ್ಟು ಉದ್ದ ಹೊಂದಿಸಿಕೊಂಡ. ಹೌಸಿಂಗಿನ ಮೂತಿಯ ಕೆಳಗೆ ಇನ್ನೊಂದು ಜಾಕಿ ಕೊಟ್ಟು ನಿಧಾನ ಎತ್ತಿದ. ಪಕ್ಕಕ್ಕೆ ಎಳೆಯಲು ಏನಾದರೂ ಬೇಕಿತ್ತು. ಬಾಮೈದನ ಕೆಂಪು ಪಟ್ಟಿ ಅವತ್ತು ಹೊರಗೆ ಬರಬಹುದಿತ್ತು, ಹೊಸದು ಅಂತ ಅವನು ಕೊಡಲಿಲ್ಲ. ದನದ ಹಗ್ಗದಲ್ಲೇ ಎಳೆದು ಬೋಲ್ಟು ಕೂರಿಸಿದರು. ಬಾಮೈದ ದೊಡ್ಡ ಪಾನಾ ತಗೊಂಡು ಬಿಗಿಯಲು ಹೋದ. ಮೇಸ್ತ್ರಿ ಕೈ ಹಿಡಿದ.

"ಈಗ ಬೇಡಿ. ಗಾಡಿ ತೂಗಾಡ್ತಾ ಐತೆ. ಈಗ್ಲೇ ಬಿಗುದ್ರೆ, ಇಳಿಸ್ದಾಗ ಬುಷ್ಷಿನ ರಬ್ಬರ್ ತಿರುಚ್ಕಂಡೇ ಕೂರ್ತದೆ, ಬೇಗ ಹರ್ದೋಯ್ತದೆ. ಚಕ್ರ ನೆಲಕ್ಕೆ ಬಂದು ಭಾರ ಬೀಳ್ಲಿ, ಆಮೇಲೆ."

ಚಕ್ರ ಹಾಕಿ ಇಳಿಸಿದ ಮೇಲೆ ಮೇಸ್ತ್ರಿ ಅಡಿಗೆ ತೂರಿ ಒಂದೊಂದೇ ಬೋಲ್ಟು ಬಿಗಿದ. ಅವನ ತಲೆ ಸಲೀಸಾಗಿ ಹೋಯಿತು. ಎರಡಿಂಚು ಎತ್ತಿಸಿದ್ದರಿಂದ ನಾನು ಕಣ್ಣಾರೆ ಕಂಡ ಮೊದಲ ಉಪಯೋಗ ಅದು. ಬಾಮೈದ ಮತ್ತೆ ಟೇಪು ಹಿಡಿದ. ಎರಡೂ ಕಡೆ ಸಮ. ಅವನ ಕಣ್ಣಲ್ಲಿ ನೀರಾಡಿತು. ಬ್ಯಾರನ್ನಿನ ಹೊಗೆಯೂ ಇತ್ತು ಅನ್ನಿ.

ಕೈ ತೊಳೆಯುತ್ತ ಮೇಸ್ತ್ರಿ ಸುಮ್ಮನಿರಬಹುದಿತ್ತು. "ಅಲ್ಲ ಅಣ್ಣ, ಇದನ್ನ ಎತ್ಸಿದ್ದು ಯಾಕೆ?"

"ಕಲ್ಲು ತಗಲ್ಬಾರ್ದು ಅಂತ."

"ಸ್ಪ್ರಿಂಗ್ ಎತ್ತುದ್ರೆ ಬಾಡಿ ಎದ್ದೇಳ್ತದೆ. ಹೌಸಿಂಗು ಇದ್ದಲ್ಲೇ ಇರ್ತದಲ್ಲ. ಕಲ್ಲು ತಗಲೋದು ಮೊದ್ಲು ಹೌಸಿಂಗಿಗೇ. ಅದು ಏಳ್ಬೇಕು ಅಂದ್ರೆ ದೊಡ್ಡ ಟೈರೇ ಆಗ್ಬೇಕು."

ಬಾಮೈದ ತುಂಬಾ ಹೊತ್ತು ಮಾತಾಡಲಿಲ್ಲ. ಹಾಸನಕ್ಕೆ ಬರುವ ದಾರಿಯಲ್ಲಿ ಗೊರೂರು ದಾಟಿದ ಮೇಲೆ ಮೆಲ್ಲಗೆ, "ಭಾವ, ಟೈರಿಗೆ ಎಷ್ಟಾಗ್ಬೋದು?" ಅಂದ.

ಆಮೇಲೆ ಎಷ್ಟೋ ತಿಂಗಳಿಗೆ ತೋಟದ ಮಾವನ ಫೋನು. ಮಗಳಿಗೆ ವರ್ಗಾವಣೆ ಕೌನ್ಸೆಲಿಂಗಿನಲ್ಲಿ ಹೊಳೆನರಸೀಪುರದ ಹತ್ತಿರವೇ ಶಾಲೆ ಸಿಕ್ಕಿತಂತೆ. ಸರದಿ ಪ್ರಕಾರ ಸಿಕ್ಕಿದ್ದು. ಆದರೆ ಅವರು ಹೇಳಿದ್ದು, "ನಿನ್ನ ಅಡ್ಡಕ್ಕಿದ್ದ ಲಿಂಕೇ ಕೆಲ್ಸ ಮಾಡ್ತು ಕಣ್ ಮಗ." ಎಷ್ಟು ಬಿಡಿಸಿ ಹೇಳಿದರೂ ನಂಬಲಿಲ್ಲ. ಲಿಂಕು ಇರುವವರೆಲ್ಲ ಇಲ್ಲ ಅಂತಲೇ ಹೇಳುವುದಂತೆ. ಚನ್ನರಾಯಪಟ್ಟಣಕ್ಕೆ ಕರೆಸಿ, ಬೇಡ ಬೇಡ ಅಂದರೂ, ಥಾರ್‌ನ ಹಿಂದಿನ ಸೀಟು ಮಡಚಿಸಿ ಸುಲಿದ ತೆಂಗಿನಕಾಯಿ ಆರು ಮೂಟೆ ತುರುಕಿಸಿದರು. ಒಂದು ನಿಮಗೆ, ಐದು ಮಗಳ ಮನೆಗೆ, ಹೊಳೆನರಸೀಪುರದಲ್ಲಿ ಇಳಿಸಿಬಿಡಿ. ಜಾಗ ಸಾಲದೆ ಪಟ್ಟಿ, ಸಲಿಕೆ, ಸ್ಟೂಲು ಮೂರನ್ನೂ ಅವರ ಜಗಲಿಯಲ್ಲೇ ಬಿಟ್ಟೆವು. ನಾನು ಆ ಮೂಟೆಗಳ ಸಂದಿಯಲ್ಲಿ.

ಗಾಡಿ ಹಿಂದುಗಡೆ ಕುಸಿದು ಕೂತಿತು. ಮುಂದಿನ ಸೀಟಿಗೆ, ಜೊತೆಗೆ ಬಂದಿದ್ದ ನಮ್ಮತ್ತೆ, ಕುಸಿದ ಹಿಂಭಾಗ ನೋಡಿದ ಧೈರ್ಯಕ್ಕೋ ಏನೋ, ಬಾಗಿಲ ಕಂಬಿ ಹಿಡಿದು ಒಂದೇ ಸಲಕ್ಕೆ ಹತ್ತಿದರು. ಯಾರ ಹೆಗಲೂ ಬೇಕಾಗಲಿಲ್ಲ.

"ಈಗ ಗಾಡಿ ಗಾಡಿ ಅಂಗಾಯ್ತು ನೋಡು. ಈ ರಿಪೇರಿನ ಅವತ್ತೇ ಮಾಡ್ಸದಲ್ವೇನಪ್ಪ?"

ಹೊಳೆನರಸೀಪುರದಲ್ಲಿ ಐದು ಮೂಟೆ ಇಳಿಯಿತು. ಕಾಫಿಯಾಯಿತು, ಅರಿಶಿನ ಕುಂಕುಮವಾಯಿತು. ಅತ್ತೆ ಹೊರಗೆ ಬಂದು ನೋಡುತ್ತಾರೆ, ಗಾಡಿ ಮತ್ತೆ ಎದ್ದು ನಿಂತಿದೆ, ಸ್ಟೂಲು ಚನ್ನರಾಯಪಟ್ಟಣದಲ್ಲಿದೆ. ಕೊನೆಗೆ ನಮ್ಮ ಪಾಲಿನ ಮೂಟೆಯನ್ನೇ ಕೆಳಗಿಳಿಸಿ ಅದರ ಮೇಲೆ ಕಾಲಿಡಿಸಿ ಹತ್ತಿಸಿದೆವು. ಅವರು ಹತ್ತಿ ಕೂತ ಮೇಲೆ ಆ ಮೂಟೆಯನ್ನು ಅಷ್ಟೆತ್ತರಕ್ಕೆ ಎತ್ತಿ ಒಳಗಿಡುವವರು ಯಾರು ಅಂತ ಬಾಮೈದ ನನ್ನ ಮುಖ ನೋಡಿದ. ನಾನು ಜೇಬಿನಿಂದ ಟಾರ್ಚು ತೆಗೆದೆ.